‘ಕೆರಾಟಿನ್ ವಿರೋಧಿ ಪ್ರತಿಕಾಯ’: ಇಲ್ಲಿ ವಿರೋಧ ಎಲ್ಲಿದೆ?

ಅಂಗಾಂಶ ಪರೀಕ್ಷೆಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಾ ‘ಆಂಟಿ-ಕೆರಾಟಿನ್ ಆಂಟಿಬಾಡಿ’ ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ಕೆರಾಟಿನ್ ಎಂದರೆ ದೇಹದ ಒಳಮೈ ಹೊರಮೈಗಳನ್ನು ಹೊದಿಸುವ ಎಪಿಥೀಲಿಯಂ ಕೋಶಗಳಲ್ಲಿರುವ ಪ್ರೋಟೀನ್. ಆಂಟಿಬಾಡಿಗೆ ‘ಪ್ರತಿಕಾಯ’ ಇದೆ, ತಕರಾರಿಲ್ಲ. ಆದರೆ ಮೊದಲಿನ ‘ಆಂಟಿ’ಯನ್ನು ‘ವಿರೋಧಿ’ ಎಂದ ಕೂಡಲೇ ಆ ಪ್ರತಿಕಾಯ ಕೆರಾಟಿನ್ ಮೇಲೆ ಯುದ್ಧಕ್ಕೆ ಹೊರಟಂತೆ ಕೇಳುತ್ತದೆ.

ಅದು ಮಾಡುವುದು ಇಷ್ಟೇ: ತೆಳುವಾಗಿ ಕೊಯ್ದ ಅಂಗಾಂಶದಲ್ಲಿ ಕೆರಾಟಿನ್ ಎಲ್ಲಿದೆಯೋ ಅಲ್ಲಿ ಹೋಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಸ್ವಂತ ಬಣ್ಣವೂ ಇಲ್ಲ. ಅದರ ಮೇಲೆ ಕೂರುವ ಎರಡನೆಯ ಪ್ರತಿಕಾಯ ಒಂದು ಕಿಣ್ವವನ್ನು ಹೊತ್ತು ತರುತ್ತದೆ, ಆ ಕಿಣ್ವದಿಂದ ಕಂದು ಬಣ್ಣ ಮೂಡುತ್ತದೆ. ಗಡ್ಡೆ ಕಾರ್ಸಿನೋಮವೋ (ಎಪಿಥೀಲಿಯಂ ಕೋಶಗಳ ಕ್ಯಾನ್ಸರ್) ಲಿಂಫೋಮವೋ (ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್) ಎಂಬ ಅನುಮಾನವಿದ್ದಾಗ, ಕೆರಾಟಿನ್‌ಗೆ ಕಂದು ಹಿಡಿದರೆ ತೂಕ ಕಾರ್ಸಿನೋಮದ ಕಡೆಗೆ.

‘ಕೆರಾಟಿನ್ ಪ್ರತಿಕಾಯ’ ಎಂದು ಮೊಟಕು ಮಾಡಿದರೆ ಕೆರಾಟಿನ್‌ನಿಂದಲೇ ಮಾಡಿದ್ದು ಎಂದಾಗುತ್ತದೆ, ಚಿನ್ನದ ಬಳೆಯ ಹಾಗೆ. ಎರಡನೆಯದರ ಪಾಡಂತೂ ಕೇಳಬೇಡಿ. ಮೊದಲ ಪ್ರತಿಕಾಯ ಮೊಲದಲ್ಲಿ, ಎರಡನೆಯದು ಮೇಕೆಯಲ್ಲಿ ತಯಾರಾಗಿದ್ದರೆ ‘ಮೇಕೆಯ ಮೊಲವಿರೋಧಿ ಪ್ರತಿಕಾಯ’! ಪಂಚತಂತ್ರಕ್ಕೆ ಸೇರಿಸಬಹುದು.

ನನಗೆ ಹೊಳೆದದ್ದು ಚತುರ್ಥಿ ವಿಭಕ್ತಿ. ‘ತಲೆನೋವಿಗೆ ಮಾತ್ರೆ’, ‘ವಿಷಕ್ಕೆ ಮದ್ದು’ ಎನ್ನುವಾಗ ‘ವಿರೋಧಿ’ ಬೇಕಾಗುವುದಿಲ್ಲ. ‘ಇಗೆ’, ‘ಕ್ಕೆ’ಗಳೇ ಆ ಕೆಲಸ ಮಾಡುತ್ತವೆ. ಹಾಗೆಯೇ ‘ಕೆರಾಟಿನ್‌ಗೆ ಅಂಟುವ ಪ್ರತಿಕಾಯ’, ‘ಮೊಲದ ಪ್ರತಿಕಾಯಕ್ಕೆ ಅಂಟುವ, ಮೇಕೆಯಲ್ಲಿ ತಯಾರಾದ ಪ್ರತಿಕಾಯ’. ಉದ್ದವಾಯಿತು, ನಿಜ. ಆದರೆ ಯಾರು ಯಾರಿಗೆ ಅಂಟುತ್ತಾರೆ ಎಂಬುದು ತಪ್ಪುವುದಿಲ್ಲ.

ಇನ್ನೊಂದು ತೊಡಕು ಎಪಿಥೀಲಿಯಂ. ‘ಚರ್ಮದ ಕೋಶ’ ಎಂದರೆ ತಪ್ಪಾಗುತ್ತದೆ. ಚರ್ಮದ ತಳಪದರದಲ್ಲಿ 5 ಮತ್ತು 14ನೆಯ ಬಗೆಯ ಕೆರಾಟಿನ್‌ಗಳು ಜೋಡಿಯಾಗಿದ್ದರೆ, ಕರುಳಿನ ಒಳಮೈಯಲ್ಲಿ 8 ಮತ್ತು 18 ಇರುತ್ತವೆ, ಅದೂ ಎಪಿಥೀಲಿಯಮ್ಮೇ. ‘ಅನುಲೇಪಕ ಅಂಗಾಂಶ’ ಎಂಬ ಪದ ಇದೆಯಾದರೂ ಗಂಧ ಪೂಸಿದಂತೆ ಕೇಳುತ್ತದೆ. ನಾನು ‘ಹೊದಿಕೆ ಕೋಶ’ ಎಂದು ಬರೆದಿದ್ದೇನೆ. ಕೆರಾಟಿನ್ ಅನ್ನು ಮಾತ್ರ ಮುಟ್ಟಿಲ್ಲ. ಅದರ ಗ್ರೀಕ್ ಮೂಲದ ಅರ್ಥ ಕೊಂಬು, ಆದರೆ ಕರುಳಿಗೆ ಕೊಂಬು ಮೂಡಿಸುವುದು ಹೇಗೆ?

ಉಳಿದ ಪ್ರಶ್ನೆ ಒಂದೇ: ಸೀಸೆಯ ಚೀಟಿಯ ಮೇಲೆ ಹಿಡಿಸುವಷ್ಟು ಚಿಕ್ಕದಾಗಿ ‘ಕೆರಾಟಿನ್‌ಗೆ ಪ್ರತಿಕಾಯ’ ಎಂದು ಬರೆದರೆ, ‘ಅಂಟುವ’ ಎಂಬುದಿಲ್ಲದೆಯೂ ನಿಮಗೆ ಅರ್ಥವಾಗುತ್ತದೆಯೇ?