ನನಗೆ ಮಾತ್ರ ಕ್ಲಿಕ್ ಕೇಳಿಸಬೇಕು, ಯಾವ ಇಂಟರ್‌ಫೇಸ್ ತಗೊಳ್ಳಲಿ?

ಪ್ರಶ್ನೆ: ಮನೆಯ ಚಿಕ್ಕ ಕೋಣೆಯಲ್ಲಿ ಅಕ್ಕನ ಹಾಡು, ನನ್ನ ಮೃದಂಗ ಒಟ್ಟಿಗೆ ರೆಕಾರ್ಡ್ ಮಾಡುತ್ತೇವೆ. ನನಗೆ ಕ್ಲಿಕ್ (ಲಯ ತಪ್ಪದಂತೆ ಕಿವಿಯಲ್ಲಿ ಕೇಳಿಸುವ ಟಿಕ್ ಟಿಕ್ ಶಬ್ದ) ಬೇಕೇ ಬೇಕು. ಅಕ್ಕನಿಗೆ ತಂಬೂರಿ ಶ್ರುತಿ ಸಾಕು. ಕ್ಲಿಕ್ ಕಿವಿಗೆ ಬಿದ್ದರೆ ಮನಸ್ಸು ಬಿಚ್ಚಿ ಹಾಡಲು ಆಗುವುದಿಲ್ಲ ಅನ್ನುತ್ತಾಳೆ. ಈಗಿರುವ ಇಂಟರ್‌ಫೇಸ್ (ಮೈಕ್, ಹೆಡ್‌ಫೋನ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಸ್ಕಾರ್ಲೆಟ್ 2ಐ2. ಸ್ಪೀಕರ್‌ಗೂ ಹೆಡ್‌ಫೋನ್‌ಗೂ ಒಂದೇ ಶಬ್ದ ಬರುತ್ತದೆ.

ಉತ್ತರ: ಆ ಹೆಸರಿನ ಕೊನೆಯ ಅಂಕಿಯೇ ಔಟ್‌ಪುಟ್ ಲೆಕ್ಕ. ನಿಮಗೆ ನಾಲ್ಕಾದರೂ ಬೇಕು. ಮೋಟು ಎಂ4 ಅಥವಾ ಬೆಹ್ರಿಂಗರ್ ಯುಎಂಸಿ404ಎಚ್‌ಡಿ ನೋಡಿ. 1-2ನೇ ಔಟ್‌ಪುಟ್‌ಗೆ ತಂಬೂರಿ, 3-4ಕ್ಕೆ ಕ್ಲಿಕ್ ಕಳಿಸಿ.

ಇನ್ನೊಂದು ಉತ್ತರ: ಇಂಟರ್‌ಫೇಸ್‌ನ ಹಿಂಬದಿಯ ಲೈನ್ ಔಟ್‌ಗೆ (ಸ್ಪೀಕರ್ ಮುಂತಾದವಕ್ಕೆ ಶಬ್ದ ಕಳಿಸುವ ತೂತು) ಹೆಡ್‌ಫೋನ್ ನೇರವಾಗಿ ಹಾಕಬೇಡಿ. ನಡುವೆ ಚಿಕ್ಕದೊಂದು ಹೆಡ್‌ಫೋನ್ ಆಂಪ್ (ಹೆಡ್‌ಫೋನ್‌ಗೆ ಬೇಕಾದಷ್ಟು ಶಬ್ದಕ್ಕೆ ಬಲ ಕೊಡುವ ಸಾಧನ) ಬೇಕು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನೇ ಇರಲಿ. ಇಲ್ಲದಿದ್ದರೆ ಕ್ಲಿಕ್ ಅಕ್ಕನ ಮೈಕ್‌ಗೆ ಸೋರುತ್ತದೆ. ಆಮೇಲೆ ತೆಗೆಯುವುದು ಬಲು ಕಷ್ಟ.

ಕೇಳಿದವರು: ಆಂಪ್ ವಿಷಯ ಹೊಳೆದೇ ಇರಲಿಲ್ಲ! ಎಂ4 ಜೊತೆಗೆ ಅದನ್ನೂ ತಗೊಳ್ಳುತ್ತೇನೆ.