ಯಾವ ದೇಶದ ಪ್ರಜಾಪ್ರಭುತ್ವ ನಂಬೋದು ಅಂತ ಕೇಳಿದವರಿಗೆ, ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ಡಲ್ಲಾಸಿನ ಗೆಳೆಯರು ಈ ಗುಂಪಿನಲ್ಲಿ ಹಾಕಿದ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಕೂತು ಓದಿದೆ. ಅವರು ಕೇಳಿದ್ದು ಇಷ್ಟೇ. ಅಮೆರಿಕದ ರಾಜಕೀಯ ನೋಡಿದರೆ ಹೆದರಿಕೆ ಆಗುತ್ತೆ, ನಮ್ಮ ದೇಶದ್ದು ನೋಡಿದರೂ ಹಾಗೇ ಆಗುತ್ತೆ, ಮಕ್ಕಳು ಇನ್ನೂ ಚಿಕ್ಕವರು, ಮೈಸೂರಿಗೆ ವಾಪಸ್ ಬರೋದಾ, ಅಲ್ಲೇ ಇರೋದಾ? ಉತ್ತರ ಕೊಟ್ಟವರಲ್ಲಿ ಅರ್ಧ ಜನ ಎಡ, ಬಲ ಅಂತ ಕಿತ್ತಾಡಿದರು. ಇನ್ನರ್ಧ ಜನ ಅವರನ್ನು ಸಮಾಧಾನ ಮಾಡಿದರು. ಮಕ್ಕಳ ಮಾತು ಎಲ್ಲೋ ಹೋಯಿತು.

ನಾವು ನ್ಯೂಜೆರ್ಸಿ ಬಿಟ್ಟು ಕುವೆಂಪುನಗರಕ್ಕೆ ಬಂದು ಸೇರಿಕೊಂಡವರು. ಸ್ವಂತ ಊರು ಪಾಂಡವಪುರದ ಕಡೆ. ಮಗಳು ಹೈಸ್ಕೂಲು, ಮಗ ಆರನೇ ಕ್ಲಾಸು. ರಾಜಕೀಯ ಓದಿದವನಲ್ಲ ನಾನು, ಕಂಡದ್ದು ಹೇಳ್ತೀನಿ.

"ನಮ್ಮ ಮೈಸೂರಲ್ಲಿ 1881ರಲ್ಲೇ ಪ್ರಜಾಪ್ರಭುತ್ವ ಇತ್ತು, ಅದು ನಮ್ಮ ರಕ್ತದಲ್ಲೇ ಇದೆ" ಅಂತ ಯಾರೋ ಬರೆದಿದ್ದರು. ರಕ್ತದ ಮಾತು ಬಿಡಿ. ದಿವಾನ್ ರಂಗಾಚಾರ್ಲು ಆ ವರ್ಷ ಪ್ರಜಾಪ್ರತಿನಿಧಿ ಸಭೆ ಕರೆದದ್ದು ನಿಜ, 144 ಜನ ಬಂದು ಸೇರಿದ್ದೂ ನಿಜ. ಆದರೆ ಅವರನ್ನು ಯಾರೂ ಓಟು ಹಾಕಿ ಕಳಿಸಿರಲಿಲ್ಲ. ಜಮೀನು ಇದ್ದವರು, ವ್ಯಾಪಾರ ಇದ್ದವರು. ಕಷ್ಟ ಹೇಳಿಕೊಳ್ಳಬಹುದಿತ್ತು, ದಿವಾನರು ಆಡಳಿತದ ವರದಿ ಒಪ್ಪಿಸುವುದನ್ನು ಕೇಳಬಹುದಿತ್ತು. ಕಾನೂನು ಮಾಡುವ ಹಾಗಿರಲಿಲ್ಲ, ಖರ್ಚು ತಡೆಯುವ ಹಾಗೂ ಇರಲಿಲ್ಲ. ಆ ಕಾಲಕ್ಕೆ ಅದು ದೊಡ್ಡದೇ, ಒಪ್ಪೋಣ. ಆದರೆ ಸಭೆ ಇದ್ದೂ ಅಧಿಕಾರ ಜನರ ಕೈಗೆ ಬರಲು ಇನ್ನೂ 66 ವರ್ಷ ಹಿಡಿಯಿತು. 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ಸರ್ಕಾರದವರು ತಡೆದರೂ ಸ್ವಾತಂತ್ರ್ಯ ಚಳವಳಿಯ ಬಾವುಟ ಹಾರಿಸಬೇಕಾಯಿತು. 1947ರ ಆಗಸ್ಟ್ 15 ಕಳೆದರೂ ಇಲ್ಲಿ ಜವಾಬ್ದಾರಿ ಸರ್ಕಾರ, ಅಂದರೆ ಜನರಿಗೆ ಉತ್ತರ ಹೇಳುವ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ಅದಕ್ಕಾಗಿ ಮೈಸೂರು ಚಲೋ ಚಳವಳಿ ಶುರುವಾಯಿತು, ಗುಂಡು ಹಾರಿತು, ರಾಮಸ್ವಾಮಿ ಎಂಬ ವಿದ್ಯಾರ್ಥಿ ಸತ್ತ. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ ಆದರು. ರಾಮಸ್ವಾಮಿ ಸರ್ಕಲ್ಲಿನಲ್ಲಿ ದಿನಾ ಸಿಗ್ನಲ್ ಕಾಯುತ್ತೇವೆ. ಆ ಹುಡುಗ ಯಾರು ಅಂತ ಮಗಳ ಕ್ಲಾಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಇನ್ನು ಎಡ-ಬಲದ ಜಗಳ. ನಮ್ಮ ಸಿದ್ಧಾಂತ ಗೆದ್ದರೆ ಪ್ರಜಾಪ್ರಭುತ್ವ ಉಳಿಯುತ್ತೆ, ಅವರದ್ದು ಗೆದ್ದರೆ ಮುಳುಗುತ್ತೆ ಅಂತ ಎರಡೂ ಕಡೆಯವರು ನಂಬಿಕೊಂಡಿದ್ದಾರೆ. ನಮ್ಮ ಮನೆಯ ಕಥೆ ಇದಕ್ಕೆ ಒಗ್ಗೋದಿಲ್ಲ. ನಮ್ಮ ತಾತ ಗೇಣಿದಾರ. ದೇವರಾಜ ಅರಸು ಸರ್ಕಾರ 1974ರಲ್ಲಿ ಜಾರಿಗೆ ತಂದ ಭೂಸುಧಾರಣೆಯಲ್ಲಿ ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿ ಮುಂದೆ ಕೈಕಟ್ಟಿ ನಿಂತರು. ತುರ್ತು ಪರಿಸ್ಥಿತಿ ನಡೆಯುತ್ತಿದ್ದಾಗಲೇ ಉಳುತ್ತಿದ್ದ ಜಮೀನು ಅವರ ಹೆಸರಿಗೆ ಬಂತು. ಅದೇ ದಿನಗಳಲ್ಲಿ ಅಡ್ವಾಣಿ ಬೆಂಗಳೂರು ಜೈಲಿನಲ್ಲಿದ್ದರು. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಪೇಪರಿನವರು ಸೆನ್ಸಾರಿಗೆ ತೋರಿಸದೆ ಅಚ್ಚು ಹಾಕುವ ಹಾಗಿರಲಿಲ್ಲ. ಚಿಕ್ಕಪ್ಪನನ್ನು ಆ ಕಾಲದ ಬಗ್ಗೆ ಕೇಳಿದರೆ ಏನಂತಾರೆ ಗೊತ್ತಾ? "ಯಾರ್ ಜೈಲ್ಗೋದ್ರೋ ಕಾಣೆ ಕಣಪ್ಪ, ನಮ್ ಹೆಸ್ರಿಗೆ ಪಾಣಿ ಬಂತು." 1977ರ ಚುನಾವಣೆಯಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನೇ ಸೋಲಿಸಿ ಕಳಿಸಿತು. ಕರ್ನಾಟಕ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಕೊಟ್ಟಿತು.

ಚಿಕ್ಕಪ್ಪನನ್ನು ಬೈಯಲು ನನಗೆ ಬಾಯಿ ಬರೋದಿಲ್ಲ. ಆ ಜಮೀನಿನಲ್ಲಿ ಬೆಳೆದ ಕಬ್ಬಿನ ದುಡ್ಡಲ್ಲೇ ನಾನು ಇಂಜಿನಿಯರಿಂಗ್ ಓದಿದ್ದು. ಅರಸು ಮಾಡಿದ್ದು ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಅಧಿಕಾರ ನಮ್ಮ ಕಣ್ಣು ಕಟ್ಟೋದೇ ಹೀಗೆ. ನಮಗೆ ಒಳ್ಳೆಯದಾದ ಹೊತ್ತಿನಲ್ಲಿ ಪಕ್ಕದ ಮನೆ ಬಾಗಿಲಿಗೆ ಪೊಲೀಸರು ಬಂದದ್ದು ಕಾಣೋದಿಲ್ಲ. ಡಲ್ಲಾಸಿನಲ್ಲಿ ಷೇರು ಏರಿದಾಗಲೂ ಅಷ್ಟೇ, ಮಂಡ್ಯದಲ್ಲಿ ರಸ್ತೆಗೆ ಡಾಂಬರು ಬಿದ್ದಾಗಲೂ ಅಷ್ಟೇ. ಅದಕ್ಕೆ ಇಂಥದ್ದೇ ಬಣ್ಣದ ಬಾವುಟ ಬೇಕು ಅಂತೇನೂ ಇಲ್ಲ.

ದೊಡ್ಡ ಗಲಾಟೆ ಆದಾಗ ಜನ ಎದ್ದು ಕೂರುತ್ತಾರೆ, ಅದು ನನಗೆ ಧೈರ್ಯ ಕೊಡುವ ವಿಷಯ. 2024ರ ಡಿಸೆಂಬರ್ 3ರ ರಾತ್ರಿ ದಕ್ಷಿಣ ಕೊರಿಯಾದ ಅಧ್ಯಕ್ಷ ಯೂನ್ ಸೇನಾ ಆಡಳಿತ ಘೋಷಿಸಿದರು. ಪೊಲೀಸರು ಗೇಟು ಹಾಕಿದ್ದರಿಂದ ಎಷ್ಟೋ ಸಂಸದರು ಬೇಲಿ ಹಾರಿ ಸಂಸತ್ತಿನೊಳಗೆ ಹೋದರು. ಒಳಗಿದ್ದ 190 ಜನರೂ ವಿರುದ್ಧವಾಗಿ ಮತ ಹಾಕಿದರು. ಬೆಳಗಾಗುವ ಹೊತ್ತಿಗೆ ಆದೇಶ ವಾಪಸ್. 1980ರಲ್ಲಿ ಗ್ವಾಂಗ್ಜುನಲ್ಲಿ ಸೇನೆ ಜನರ ಮೇಲೆ ಗುಂಡು ಹಾರಿಸಿದ್ದನ್ನು ಆ ದೇಶ ಮರೆತಿರಲಿಲ್ಲ. ಸದ್ದಿಲ್ಲದೆ ನಡೆಯುವುದಕ್ಕೆ ಇಂಥ ಪ್ರತಿರೋಧ ಹುಟ್ಟೋದಿಲ್ಲ. ಹಂಗೇರಿಯಲ್ಲಿ 2010ರಲ್ಲಿ ಪ್ರಧಾನಿಯಾದ ಓರ್ಬಾನ್ ಅವರ ಕಡೆಗೆ ಮೂರನೇ ಎರಡರಷ್ಟು ಬಹುಮತ ಸಿಕ್ಕಿತು. ಸಂವಿಧಾನ, ಚುನಾವಣೆ ಕಾನೂನು ಎರಡನ್ನೂ ಬದಲಾಯಿಸಿದ್ದು ಸಂಸತ್ತಿನಲ್ಲಿ ಕೈ ಎತ್ತಿಸಿಯೇ. ಒಂದು ಟ್ಯಾಂಕೂ ರಸ್ತೆಗೆ ಇಳಿಯಲಿಲ್ಲ.

ಈಗ ಮಂಡ್ಯ, ಮೈಸೂರಿನವರಿಗೆ ನನ್ನದೊಂದು ಪ್ರಶ್ನೆ. ನಿಮ್ಮ ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಯಾರು? ಸುಮ್ನೆ ಹುಡುಕಬೇಡಿ, ಇಲ್ಲ. ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ಆಗಿದ್ದು 2016ರಲ್ಲಿ. ಅವಧಿ 2021ರಲ್ಲಿ ಮುಗಿಯಿತು. ಹಳೇ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತೆ. 2021ರಲ್ಲೇ ಕ್ಷೇತ್ರ ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಆಮೇಲೆ ಮೀಸಲಾತಿ ಪಟ್ಟಿ, ಕೋರ್ಟು, ಮತ್ತೆ ವಿಂಗಡಣೆ. ಕಮಲದವರು ಇದ್ದಾಗ ಮುಂದೆ ಹೋಯಿತು, ಕೈಯವರು ಬಂದ ಮೇಲೂ ಮುಂದೆ ಹೋಯಿತು. ಕೋವಿಡ್ ಕಾರಣ ಅನ್ನೋಣ ಅಂದರೆ, ಗ್ರಾಮ ಪಂಚಾಯಿತಿ ಚುನಾವಣೆ ಅದೇ ಕೋವಿಡ್ ಮಧ್ಯೆ 2020ರ ಡಿಸೆಂಬರಿನಲ್ಲಿ ನಡೆದೇ ನಡೆಯಿತು. ಸಿದ್ಧಾಂತದ ಬಗ್ಗೆ ಹಾವು ಮುಂಗುಸಿ ಥರ ಇರುವವರು ಈ ಒಂದು ವಿಷಯದಲ್ಲಿ ಎಷ್ಟು ಒಗ್ಗಟ್ಟು ನೋಡಿ! ಕೆಳಗೆ ಗೆದ್ದು ಬಂದವರು ಇಲ್ಲದಿದ್ದರೆ ದುಡ್ಡು ಎಲ್ಲಿಗೆ ಹೋಗಬೇಕು ಅನ್ನೋದನ್ನು ಮೇಲಿನವರೇ ತೀರ್ಮಾನಿಸಬಹುದಲ್ವಾ.

ಮೈಸೂರು ನಗರದ್ದೂ ಅದೇ ಪಾಡು. ಪಾಲಿಕೆಯ 65 ವಾರ್ಡುಗಳ ಸದಸ್ಯರ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ. ಜಂಬೂ ಸವಾರಿಯಲ್ಲಿ ಕುದುರೆ ಏರಿ ಹೋಗಬೇಕಾದ ಮೇಯರೇ 2024ರ ದಸರಾದಲ್ಲಿ ಇರಲಿಲ್ಲ. ಮಗಳಿಗೆ ಶಾಲೆಯಲ್ಲಿ "ನಿಮ್ಮ ವಾರ್ಡಿನ ಸದಸ್ಯರನ್ನು ಮಾತಾಡಿಸಿ ಬನ್ನಿ" ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. ಸಿಕ್ಕಿದ್ದು ಮಾಜಿ ಸದಸ್ಯರು. ಪಾಪ, ಒಳ್ಳೆಯವರು, ಕಾಫಿ ಕೊಟ್ಟು ಕೂರಿಸಿದರು. "ಜನ ಈಗಲೂ ನಮ್ಮನೆಗೇ ಬರ್ತಾರಮ್ಮ, ನಾನು ಬರೀ ಫೋನ್ ಮಾಡಿ ಹೇಳಬಹುದು, ಕೇಳೋ ಅಧಿಕಾರ ಇಲ್ಲ" ಅಂದರು. ಮಗಳು ಅದನ್ನು ಹಾಗೇ ಬರೆದುಕೊಂಡು ಹೋದಳು. ಟೀಚರು "ಹಾಲಿ ಸದಸ್ಯರ ಹೆಸರು ಬರೆದಿಲ್ಲ" ಅಂತ ಒಂದು ಮಾರ್ಕು ಕಳೆದರು!

ದೆಹಲಿಯ ಬಗ್ಗೆ, ವಾಷಿಂಗ್ಟನ್ ಬಗ್ಗೆ ರಾತ್ರಿ ಎರಡು ಗಂಟೆವರೆಗೆ ವಾದ ಮಾಡುವ ಈ ಗುಂಪಿನಲ್ಲಿ ಇದರ ಬಗ್ಗೆ ಒಂದು ಸಾಲೂ ನಾನು ನೋಡಿಲ್ಲ. ದೂರದ್ದು ದೊಡ್ಡದಾಗಿ ಕಾಣುತ್ತೆ, ಹತ್ತಿರದ್ದು ಯಾರಿಗೂ ಬೇಡ. ಅಮೆರಿಕದಲ್ಲಿರುವವರೂ ಹೇಳಿ, ನಿಮ್ಮೂರಿನ ಸ್ಕೂಲ್ ಬೋರ್ಡ್ ಚುನಾವಣೆಗೆ ಹೋಗಿ ಓಟು ಹಾಕುವವರು ಎಷ್ಟು ಜನ? ಮಕ್ಕಳು ಯಾವ ಪುಸ್ತಕ ಓದಬೇಕು ಅನ್ನೋದು ಎಷ್ಟೋ ಕಡೆ ಅಲ್ಲೇ ತೀರ್ಮಾನ ಆಗೋದು.

ಮಕ್ಕಳ ವಿಷಯಕ್ಕೆ ಬಂದೆ ನೋಡಿ. ನಮ್ಮಲ್ಲಿ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಂದು ಮಕ್ಕಳ ಗ್ರಾಮಸಭೆ ಮಾಡುತ್ತವೆ, ಸಾಮಾನ್ಯವಾಗಿ ನವೆಂಬರ್ 14 ಆದ ಮೇಲೆ. ಊರಲ್ಲಿ ನಡೆದಾಗ ನನ್ನ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಶಾಲೆ ಜಗಲಿ ಮೇಲೆ ಶಾಮಿಯಾನ, ಒಂದು ಮೈಕು, ಅದೂ ಕುಂಯ್ ಅನ್ನೋದು. ಮೊದಲು ಅರ್ಧ ಗಂಟೆ ದೊಡ್ಡವರ ಭಾಷಣ, ಹಾರ, ಬಿಸ್ಕತ್ತು. ನನ್ನ ಮಗ ಆಕಳಿಸಿದ. ಆಮೇಲೆ ಏಳನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು, ಹೆಣ್ಮಕ್ಕಳ ಶೌಚಾಲಯಕ್ಕೆ ನೀರಿಲ್ಲ ಅಂದಳು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) "ಕ್ರಮ ತಗೋತೀವಿ, ಬರ್ಕೊಂಡಿದ್ದೀವಿ ಮಗು" ಅಂದರು. ಹುಡುಗಿ ಕೂರಲಿಲ್ಲ. "ಹೋದ್ವರ್ಷನೂ ಬರ್ಕೊಂಡಿದ್ರಿ ಸಾರ್. ಆ ಬುಕ್ ತರ್ಸಿ, ಓದಿ" ಅಂದಳು. ಶಾಮಿಯಾನದ ಕೆಳಗೆ ಎಲ್ಲರೂ ಗಪ್‌ಚಿಪ್. ನಿಜವಾಗಿ ನಡಾವಳಿ ಪುಸ್ತಕ ಬಂತು. ಹಿಂದಿನ ವರ್ಷದ ಪುಟದಲ್ಲಿ ಅದೇ ಸಾಲು ಇತ್ತು. ಪಿಡಿಒ ಮುಖ ಒರೆಸಿಕೊಂಡು, ಈ ಸಲ ತಾರೀಖು ಹಾಕಿ ಬರೆಸಿದರು. ಪೈಪು ಬಂತಾ ಅಂದರೆ, ತಡವಾಗಿ ಬಂತು, ಅರ್ಧ ಕೆಲಸ ಇನ್ನೂ ಬಾಕಿ. ಆದರೆ ಆಕಳಿಸುತ್ತಿದ್ದ ನನ್ನ ಮಗ ವಾಪಸ್ ಬರುವಾಗ ದಾರಿಯುದ್ದಕ್ಕೂ ಕೇಳಿದ್ದು ಒಂದೇ: ಆ ಬುಕ್ಕನ್ನು ಯಾರು ಬೇಕಾದರೂ ಕೇಳಬಹುದಾ?

ಹಾಗಾಗಿ ಡಲ್ಲಾಸಿನವರಿಗೆ ನನ್ನ ಉತ್ತರ: ದೇಶದ ರಾಜಕೀಯ ನೋಡಿ ಮನೆ ಖಾಲಿ ಮಾಡಬೇಡಿ. ಅಪ್ಪ-ಅಮ್ಮನ ವಯಸ್ಸು, ನಿಮ್ಮ ಕೆಲಸ, ಮಕ್ಕಳ ಕನ್ನಡ, ಇವನ್ನು ನೋಡಿ ತೀರ್ಮಾನ ಮಾಡಿ. ಹತ್ತು ವರ್ಷದಲ್ಲಿ ಯಾವ ದೇಶ ಹೇಗಿರುತ್ತೆ ಅಂತ ಹೇಳುವವರು ಯಾರೂ ಇಲ್ಲ. "ವಾಪಸ್ ಬಂದು ರಾಜಕೀಯಕ್ಕೇ ಇಳೀಬಹುದು" ಅಂತ ಒಬ್ಬರು ಮೇಲುಕೋಟೆ ವಿಧಾನಸಭಾ ಕ್ಷೇತ್ರದ ಉದಾಹರಣೆ ಕೊಟ್ಟಿದ್ದಾರೆ. ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸಿದ್ದ ದರ್ಶನ್ ಪುಟ್ಟಣ್ಣಯ್ಯ 2018ರಲ್ಲಿ ಸೋತು 2023ರಲ್ಲಿ ಗೆದ್ದದ್ದು ಹೌದು. ಅವರ ಹಿಂದೆ ತಂದೆಯ ಕಾಲದ ರೈತ ಸಂಘ ಇತ್ತು ಅನ್ನೋದನ್ನು ಮರೀಬೇಡಿ. ನಮ್ಮ ಹಿಂದೆ ಇರೋದು ಎರಡು ಸೂಟ್‌ಕೇಸು.

ಓಟಿನ ಬಗ್ಗೆ ಕೇಳಿದವರಿಗೆ ಚುಟುಕಾಗಿ: ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ಫಾರಂ 6ಎ ತುಂಬಿ ಊರಿನ ಪಟ್ಟಿಗೆ ಹೆಸರು ಸೇರಿಸಬಹುದು. ಓಟು ಹಾಕಲು ಪಾಸ್‌ಪೋರ್ಟ್ ಹಿಡಿದು ಬೂತಿಗೇ ಬರಬೇಕು. ಬೇರೆ ದೇಶದ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡವರಿಗೆ ಇಲ್ಲಿ ಓಟಿಲ್ಲ. ನಿಮ್ಮ ಓಟು ಇರೋದು ಪೌರತ್ವ ಇರುವ ದೇಶದಲ್ಲಿ, ಅದನ್ನು ಬಿಡಬೇಡಿ.

ನವೆಂಬರ್, ಡಿಸೆಂಬರಿನಲ್ಲಿ ರಜಕ್ಕೆ ಬರುವವರು ಒಂದು ವಾರ ಮುಂಚೆ ನಿಮ್ಮೂರ ಪಂಚಾಯಿತಿಗೆ ಫೋನ್ ಮಾಡಿ, ಮಕ್ಕಳ ಗ್ರಾಮಸಭೆ ಯಾವತ್ತು ಅಂತ ಕೇಳಿ. ಹಿಂದೆ ಕೂತು ನೋಡಲು ಯಾರೂ ಬೇಡ ಅನ್ನೋದಿಲ್ಲ. ನೀರಿನ ಬಾಟಲಿ ತಗೊಂಡು ಹೋಗಿ, ಭಾಷಣ ಮುಗಿಯೋದು ತಡ ಆಗುತ್ತೆ.