ಬನವಾಸಿಯಲ್ಲಿ ಮೂರು ದಿನ ಸುಮ್ನೆ ಇದ್ದು ಬರಬೇಕು, ಅಪ್ಪನಿಗೆ ಮಂಡಿನೋವು, ಆಗುತ್ತಾ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನನ್ನ ಅಪ್ಪ 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು. ಪಂಪ ಬನವಾಸಿಯನ್ನು ನೆನೆಯುವ ಪದ್ಯ ಬಂದಾಗ ಅವರ ದನಿಯೇ ಬೇರೆ ಆಗುತ್ತಿತ್ತು. ನಾನೂ ಅದೇ ಶಾಲೆಯಲ್ಲಿ ಓದಿದವಳು, ಹಾಗಾಗಿ ಚೆನ್ನಾಗಿ ನೆನಪಿದೆ. ಆದರೆ ಅವರು ಇವತ್ತಿನವರೆಗೂ ಬನವಾಸಿ ನೋಡಿಲ್ಲ. ಮೊದಲು ದುಡ್ಡಿರಲಿಲ್ಲ, ಆಮೇಲೆ ರಜೆ ಇರಲಿಲ್ಲ, ಆಮೇಲೆ ಅಮ್ಮನ ಕಾಯಿಲೆ. ಈಗ ಅವರಿಗೆ 74. ಅಮ್ಮ ಇಲ್ಲ.

ಡಿಸೆಂಬರ್ ಅಥವಾ ಜನವರಿಯಲ್ಲಿ ಅಪ್ಪ, ನಾನು, ನನ್ನ ಒಂಬತ್ತು ವರ್ಷದ ಮಗಳು ಮೂವರೇ ಹೋಗಬೇಕು ಅಂತ ಇದ್ದೇವೆ. ಅವರಿಗೆ ಮಂಡಿನೋವು, ಕೋಲು ಹಿಡಿದು ನಿಧಾನಕ್ಕೆ ಅರ್ಧ ಕಿಲೋಮೀಟರ್ ನಡೆಯುತ್ತಾರೆ. ಹೋದ ವರ್ಷ ಕಾಡಿನ ಅಂಚಿನ ಒಂದು ರೆಸಾರ್ಟಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ರಾತ್ರಿ ಹನ್ನೊಂದರವರೆಗೂ ಜೋರು ಹಾಡು, ಬೆಳಗಾದರೆ ಜೀಪು ಸವಾರಿ. ಅಪ್ಪ ಎರಡು ದಿನ ರೂಮಿನಲ್ಲೇ ಪೇಪರ್ ಓದುತ್ತಾ ಕೂತರು. ಅಂಥದ್ದು ಬೇಡವೇ ಬೇಡ. ಹೊಳೆ, ಗುಡಿ, ಮರ, ಮನೆ ಊಟ ಇದ್ದರೆ ಸಾಕು.

ಮೂರು ದಿನ ಬನವಾಸಿಯಲ್ಲೇ ಇರಬಹುದಾ? ಮಗಳಿಗೆ ಬೇಸರ ಆಗುತ್ತಾ? ರೈಲಿನಲ್ಲಿ ಬರುವುದಾದರೆ ಎಲ್ಲಿ ಇಳಿಯಬೇಕು? ಹೋಗಿ ಬಂದವರು ದಯವಿಟ್ಟು ಬರೆಯಿರಿ.

ಘಾಟ್ ರೈಡರ್

ಬನವಾಸಿ ಅರ್ಧ ದಿನದ ಜಾಗ. ದೇವಸ್ಥಾನ ನೋಡಿ ಮುಗಿಸಿ, ಶಿರಸಿಯಲ್ಲಿ ರೂಮ್ ಮಾಡಿ. ಎರಡನೇ ದಿನ ಯಾಣ, ಉಂಚಳ್ಳಿ ಜಲಪಾತ. ಮೂರನೇ ದಿನ ಜೋಗ. ಅಷ್ಟು ದೂರ ಬಂದು ಒಂದೇ ಊರಲ್ಲಿ ಕೂತರೆ ಆಮೇಲೆ ಬೇಜಾರಾಗುತ್ತದೆ.

ತೋಟದ ದಾರಿ

ಅಕ್ಕ, ನಾನು ಶಿರಸಿ ಬನವಾಸಿ ನಡುವಿನ ಊರಿನವನು. ಮೇಲಿನವರು ಬರೆದದ್ದು ಬೈಕಿನಲ್ಲಿ ಹೋಗುವ ಹುಡುಗರಿಗೆ ಸರಿ. ನಿಮ್ಮ ಅಪ್ಪನಿಗಲ್ಲ. ಯಾಣದಲ್ಲಿ ಗಾಡಿ ಬಿಟ್ಟ ಮೇಲೆ ಕಾಡೊಳಗೆ ನಡೆದು ಮೆಟ್ಟಿಲು ಹತ್ತಬೇಕು, ಉಂಚಳ್ಳಿಯಲ್ಲೂ ಮೆಟ್ಟಿಲು. ಮಂಡಿನೋವು ಇರುವವರನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಅವರು ಕೆಳಗೆ ಕಾರಿನಲ್ಲಿ ಕೂತಿರುತ್ತಾರೆ, ನೀವು ಮೇಲೆ ಹೋಗಿ ಗಡಿಬಿಡಿಯಲ್ಲಿ ವಾಪಸ್ ಬರುತ್ತೀರಿ, ಇಬ್ಬರಿಗೂ ಸುಖ ಇಲ್ಲ.

ಬನವಾಸಿಯಲ್ಲೇ ಇರಿ. ವರದೆ ಊರನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತಾಳೆ. ಊರು ಚಿಕ್ಕದು, ಸಮತಟ್ಟು. ಗುಡಿಯ ಹತ್ತಿರ ಉಳಿದುಕೊಂಡರೆ ಅಪ್ಪ ತಾವೇ ಕೋಲು ಹಿಡಿದು ಹೋಗಿ ಬರಬಹುದು, ಯಾರಿಗೂ ಕಾಯಬೇಕಿಲ್ಲ. ವಯಸ್ಸಾದವರಿಗೆ ಇದು ದೊಡ್ಡ ವಿಷಯ. ಹೋಂಸ್ಟೇ ನೋಡುವಾಗ ಎರಡೇ ಮಾತು ಕೇಳಿ: ಕೆಳಗಿನ ಅಂತಸ್ತಿನಲ್ಲಿ ಕೋಣೆ ಇದೆಯಾ, ಬಚ್ಚಲಲ್ಲಿ ಕೂರುವ ಕಮೋಡ್ ಇದೆಯಾ. ನಮ್ಮ ಕಡೆ ಹಳೇ ಮನೆಗಳಲ್ಲಿ ಹೊಸ್ತಿಲು ಎತ್ತರ, ಅಂಗಳದಿಂದ ಜಗಲಿಗೆ ಮೆಟ್ಟಿಲೂ ಎತ್ತರ. ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ.

ನೀವು ಹೇಳಿದ ತಿಂಗಳಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ನಡೆಯುತ್ತಿರುತ್ತದೆ. ಮಗಳಿಗೆ ಇದನ್ನು ತೋರಿಸಲೇಬೇಕು. ಕೊನೆಗೌಡ ಒಂದು ಅಡಿಕೆ ಮರ ಹತ್ತಿ, ಅಲ್ಲಿಂದಲೇ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುತ್ತಾನೆ, ಕೆಳಗೆ ಇಳಿಯುವುದೇ ಇಲ್ಲ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಕೆಳಗಿನವರ ಕೈಗೆ ಬರುತ್ತದೆ. ಸಂಜೆ ಅಂಗಳದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಎಲ್ಲರೂ ಸಾಲಾಗಿ ಕೂತು ಅಡಿಕೆ ಸುಲಿಯುತ್ತಾರೆ, ಒಂದು ಕಡೆ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಆ ಒಗರು ವಾಸನೆ ಊರಿಡೀ ಇರುತ್ತದೆ. ಜನವರಿ ಕೊನೆಗೆ ಬಂದರೆ ಆಲೆಮನೆಯೂ ಸಿಗಬಹುದು. ಕಬ್ಬಿನ ಹಾಲು, ಬಿಸಿ ಜೋನಿ ಬೆಲ್ಲ. ತೊಡೆದೇವು ಮಾಡುವುದನ್ನೂ ನೋಡಿ. ಬೋರಲು ಹಾಕಿದ ಮಡಕೆಯ ಮೇಲೆ ಹಿಟ್ಟು ಸವರಿ ಕಾಗದದ ಹಾಗೆ ಎಬ್ಬಿಸುತ್ತಾರೆ.

ಊಟಕ್ಕೆ ಮೊದಲೇ ಹೇಳಿಡಿ. ತಂಬುಳಿ, ಅಪ್ಪೆಹುಳಿ, ಅಪ್ಪೆಮಿಡಿ ಉಪ್ಪಿನಕಾಯಿ ಇವಿಷ್ಟು ಅಪ್ಪನಿಗೆ ಖಂಡಿತ ಹಿಡಿಸುತ್ತವೆ. ಬನವಾಸಿ ಸುತ್ತ ಅನಾನಸ್ ಕೂಡ ಜಾಸ್ತಿ ಬೆಳೆಯುತ್ತಾರೆ.

ಹಾವೇರಿ ಏಲಕ್ಕಿ

ನಾನು ನಮ್ಮ ಅವ್ವನನ್ನು ಕರೆದುಕೊಂಡು ಹೋಗಿದ್ದೆ, ಅವಳಿಗೂ ಮಂಡಿನೋವು. ರೈಲಿಗೆ ಎರಡು ದಾರಿ ಇವೆ. ಬೆಂಗಳೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲಿನಲ್ಲಿ ಸಾಗರದಲ್ಲಿ ಇಳಿದು, ಕಾರು ಮಾಡಿ ಸೊರಬದ ಮೇಲೆ ಬರುವುದು ಒಂದು. ಹಗಲು ರೈಲಿನಲ್ಲಿ ಹಾವೇರಿಗೆ ಬಂದು ಹಾನಗಲ್ ಮೇಲೆ ಹೋಗುವುದು ಇನ್ನೊಂದು. ನನಗೆ ಎರಡನೆಯದೇ ಇಷ್ಟ, ನಮ್ಮೂರು ಅಂತ ಹೇಳುತ್ತಿಲ್ಲ. ವಯಸ್ಸಾದವರಿಗೆ ರಾತ್ರಿ ರೈಲಿನ ಬರ್ತ್ ಹತ್ತಿ ಇಳಿಯುವ ಕಷ್ಟ ತಪ್ಪುತ್ತದೆ. ದಾರಿಯಲ್ಲಿ ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ಹತ್ತು ನಿಮಿಷ ನಿಲ್ಲಿಸಿ, ಒಳಗಿನ ಛಾವಣಿಯ ಕಮಲ ನೋಡಿ.

ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಮಗಳಿಗೆ ಬೇಸರ ಆಗುವುದಿಲ್ಲ, ನಾನು ಹೇಳುವ ಹಾಗೆ ಮಾಡಿ. ಮಂಟಪದಲ್ಲಿ ಕನ್ನಡಿಯ ಹಾಗೆ ನುಣುಪಾದ ಕಂಬಗಳಿವೆ. ಉಬ್ಬಿದ ಭಾಗದಲ್ಲಿ ನಮ್ಮ ನೆರಳು ನೆಟ್ಟಗೆ ಕಾಣುತ್ತದೆ, ತಗ್ಗಾದ ಭಾಗದಲ್ಲಿ ತಲೆಕೆಳಗಾಗಿ ಕಾಣುತ್ತದೆ. ಎದುರಿನ ದೊಡ್ಡ ನಂದಿಯ ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಕ್ಕದ ಗುಡಿಯ ಪಾರ್ವತಿಯ ಕಡೆ ಅನ್ನುತ್ತಾರೆ, ಅವಳೇ ನಿಂತು ನೋಡಲಿ. ಪ್ರಾಕಾರದ ಸುತ್ತ ಎಂಟು ದಿಕ್ಪಾಲಕರಿದ್ದಾರೆ. ಯಾರ ವಾಹನ ಯಾವುದು ಅಂತ ಹುಡುಕಲು ಹೇಳಿ, ಯಮನ ಕೋಣ, ಅಗ್ನಿಯ ಟಗರು, ಹೀಗೆ. ನಮ್ಮ ಅಣ್ಣನ ಮಕ್ಕಳು ಇದರಲ್ಲೇ ಒಂದು ಗಂಟೆ ಕಳೆದರು. ಸೋದೆ ಅರಸರು ಕೊಟ್ಟ ಕಲ್ಲಿನ ಮಂಚವಂತೂ ನೋಡಲೇಬೇಕು, ಮರದಲ್ಲಿ ಕೆತ್ತಿದ ಹಾಗೇ ಇದೆ.

ಒಂದು ಮಾತು. ಮಧ್ಯಾಹ್ನ ಅಂಗಳದ ಕಲ್ಲು ಸುಡುತ್ತದೆ, ಚಪ್ಪಲಿ ಹೊರಗೆ ಬಿಡಬೇಕಲ್ವಾ. ನಮ್ಮ ಅವ್ವ ಆ ಬಿಸಿಗೆ ಅವಸರ ಮಾಡಿ ಕಾಲು ಉಳುಕಿಸಿಕೊಂಡಳು. ಬೆಳಿಗ್ಗೆ ಎಂಟಕ್ಕೆ ಹೋಗಿ ಅಥವಾ ಸಂಜೆ ಹೋಗಿ. ಅಪ್ಪನಿಗೆ ಒಂದು ಜೊತೆ ದಪ್ಪ ಹತ್ತಿಯ ಕಾಲುಚೀಲ ಇಟ್ಟುಕೊಳ್ಳಿ. ಕದಂಬೋತ್ಸವದ ದಿನಾಂಕ ನೋಡಿಕೊಂಡು ಹೊರಡಿ. ಆ ದಿನಗಳಲ್ಲಿ ಜನ ತುಂಬಿರುತ್ತಾರೆ, ನಿಮಗೆ ಬೇಕಾದ ಶಾಂತಿ ಸಿಗುವುದಿಲ್ಲ.

ಸೊರಬದ ನರ್ಸ್

ಎಲ್ಲರೂ ಚೆನ್ನಾಗಿ ಬರೆದಿದ್ದಾರೆ, ಆದರೆ ಕಾಡಿನ ವಿಷಯ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಡಿಸೆಂಬರಿನಿಂದ ಮಳೆ ಬರುವವರೆಗೆ ನಮ್ಮ ಕಡೆಯ ಕಾಡುಗಳಲ್ಲಿ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳ, ಜಾಸ್ತಿ. ಮಂಗನ ಕಾಯಿಲೆ ಅದರಿಂದಲೇ ಬರುವುದು. ಈ ರೋಗ ಮೊದಲು ಗೊತ್ತಾದದ್ದೇ 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಬನವಾಸಿ ಇರುವುದು ಪಕ್ಕದಲ್ಲೇ. ಹೆದರಿ ಬರುವುದನ್ನೇ ಬಿಡಬೇಕಿಲ್ಲ. ಗುಡಿ, ಹೊಳೆ ದಂಡೆ, ರಸ್ತೆ ಇಲ್ಲೆಲ್ಲ ಓಡಾಡಿ. ದರಗು ತುಂಬಿದ ಕಾಡೊಳಗೆ ಮಗುವನ್ನು ಬಿಡಬೇಡಿ, ಒಣ ಎಲೆಯ ಮೇಲೆ ಚಾಪೆ ಹಾಸಿ ಕೂರಬೇಡಿ. ಕಾಡಿನ ಅಂಚಿಗೆ ಹೋಗುವುದಾದರೆ ಉದ್ದ ಪ್ಯಾಂಟು, ಉದ್ದ ತೋಳಿನ ಅಂಗಿ ಹಾಕಿಸಿ. ಆರೋಗ್ಯ ಇಲಾಖೆಯವರು ಊರವರಿಗೆ ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಕೊಡುತ್ತಾರೆ, ಉಳಿದುಕೊಂಡ ಮನೆಯಲ್ಲಿ ಕೇಳಿ, ಕೈಕಾಲಿಗೆ ಸವರಿಕೊಂಡು ಹೊರಡಿ. ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ. ಬೆಂಗಳೂರಿಗೆ ಹೋದ ಮೇಲೆ ಒಂದು ವಾರ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಲೇಬೇಕು. ಸುಮಾರು ಜನ ಅದನ್ನು ಹೇಳುವುದೇ ಇಲ್ಲ.

ಶಾಸನದ ಹುಚ್ಚು

ಕನ್ನಡ ಮೇಷ್ಟ್ರು ಬರುತ್ತಿದ್ದಾರೆ ಅಂತ ಓದಿ ತುಂಬಾ ಖುಷಿ ಆಯಿತು. ಮೂರು ದಿನದಲ್ಲಿ ಒಂದೇ ಒಂದು ದಿನ ಹೊರಗೆ ಹೋಗಿ. ಆ ದಿನ ತಾಳಗುಂದ ಮತ್ತು ಬಳ್ಳಿಗಾವಿ, ಎರಡೂ ಶಿರಾಳಕೊಪ್ಪದ ಹತ್ತಿರ. ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಲ್ಲಿನ ಕಂಬ ನಿಂತಿದೆ. ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆದದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು ಎಲ್ಲವೂ ಆ ಕಂಬದ ಮೇಲಿದೆ, ಸಂಸ್ಕೃತ ಪದ್ಯಗಳಲ್ಲಿ. ಬರೆದ ಕವಿಯ ಹೆಸರು ಕುಬ್ಜ. ಪುಸ್ತಕದಲ್ಲಿ ಎಷ್ಟು ಸಲ ಓದಿದ್ದರೂ ಆ ಅಕ್ಷರಗಳ ಎದುರು ನಿಂತಾಗ ಬೇರೆಯೇ ಅನಿಸುತ್ತದೆ. ಗಾಡಿ ಹತ್ತಿರದವರೆಗೆ ಹೋಗುತ್ತದೆ, ನಡಿಗೆ ಕಡಿಮೆ. ಬಳ್ಳಿಗಾವಿಯ ಕೇದಾರೇಶ್ವರ ಗುಡಿಯೂ ಸಮತಟ್ಟು ಜಾಗ.

ಬನವಾಸಿಯ ಗುಡಿಯಲ್ಲಿ ಎರಡನೇ ಶತಮಾನದ ನಾಗರ ಕಲ್ಲು ಇದೆ. ಐದು ಹೆಡೆ, ಪಕ್ಕದಲ್ಲಿ ಪ್ರಾಕೃತದ ಬರಹ. ಕದಂಬರಿಗಿಂತ ಮೊದಲೇ ಚುಟುಗಳು ಇಲ್ಲಿ ಆಳುತ್ತಿದ್ದರು, ಆ ಮನೆಯ ರಾಜಕುಮಾರಿ ಮಾಡಿಸಿದ ಕೊಡುಗೆ. ಕೆತ್ತಿದ ಶಿಲ್ಪಿಯ ಹೆಸರೂ ಇದೆ, ನಟಕ ಅಂತ. ಎಷ್ಟು ಗುಡಿ ನೋಡಿದರೂ ಕೆತ್ತಿದವನ ಹೆಸರು ಸಿಗುವುದು ಅಪರೂಪ, ಹಾಗಾಗಿ ನಾನು ಹೋದಾಗಲೆಲ್ಲ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮೇಷ್ಟ್ರಿಗೆ ಇನ್ನೊಂದು ನೆನಪಿಸಿ: ಚಾಮರಸನ ಕಾವ್ಯದಲ್ಲಿ ಅಲ್ಲಮ ಮದ್ದಳೆ ಬಾರಿಸಿದ್ದು ಇದೇ ಮಧುಕೇಶ್ವರನ ಗುಡಿಯಲ್ಲಿ. ಅವರಿಗೆ ಗೊತ್ತೇ ಇರುತ್ತದೆ, ಮೊಮ್ಮಗಳಿಗೆ ಅಲ್ಲೇ ಕೂರಿಸಿಕೊಂಡು ಕಥೆ ಹೇಳಲಿ.

ಸಂಜೆ ಇನ್ನೂ ಸಮಯ ಇದ್ದರೆ ಗುಡ್ನಾಪುರದ ಕೆರೆ. ಬನವಾಸಿಯಿಂದ ಐದಾರು ಕಿಲೋಮೀಟರ್. ಕದಂಬ ರಾಜ ರವಿವರ್ಮನ ಕಾಲದ ಶಾಸನ ಸಿಕ್ಕ ಊರು ಅದು. ಕೆರೆ ದೊಡ್ಡದು, ಚಳಿಗಾಲದಲ್ಲಿ ಹಕ್ಕಿಗಳಿರುತ್ತವೆ. ಕಾರಿನಿಂದ ಇಳಿದು ಅಲ್ಲೇ ಕೂರಬಹುದು.

ಘಾಟ್ ರೈಡರ್

ಇದನ್ನೆಲ್ಲ ಓದಿದ ಮೇಲೆ ನಾನು ಬರೆದದ್ದು ತಪ್ಪು ಅನಿಸಿತು. ನಾನು ಅಲ್ಲಿ ಎರಡು ಗಂಟೆಯೂ ನಿಂತಿರಲಿಲ್ಲ. ಮುಂದಿನ ಸಲ ನಾಗರ ಕಲ್ಲು ನೋಡಿಯೇ ಬರುತ್ತೇನೆ.

ಸಂಜೆಮಲ್ಲಿಗೆ

ಎಲ್ಲರಿಗೂ ತುಂಬಾ ಧನ್ಯವಾದ. ಹೋಗಿ ಬಂದೆವು, ಜನವರಿ ಎರಡನೇ ವಾರ. ಹಾವೇರಿ ದಾರಿಯಲ್ಲೇ ಹೋದೆವು, ಕಾಲುಚೀಲ ನಿಜವಾಗಿಯೂ ಉಪಯೋಗಕ್ಕೆ ಬಂತು. ಮೂರು ದಿನವೂ ಬನವಾಸಿಯಲ್ಲೇ ಉಳಿದೆವು.

ಮೊದಲ ಸಂಜೆ ಅಪ್ಪನನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋದೆ. ಪದ್ಯ ಹೇಳುತ್ತಾರೆ ಅಂದುಕೊಂಡು ಮಗಳು ಫೋನ್ ಹಿಡಿದು ರೆಡಿ ಇದ್ದಳು. ಅವರು ಏನೂ ಹೇಳಲಿಲ್ಲ. ಸುಮಾರು ಹೊತ್ತು ನೀರನ್ನೇ ನೋಡಿ, "ಇಷ್ಟು ಚಿಕ್ಕ ಹೊಳೆನಾ? ನಾನು ದೊಡ್ಡದು ಅಂದುಕೊಂಡೇ ಇಷ್ಟು ವರ್ಷ ಪಾಠ ಮಾಡಿದೆ" ಅಂದರು. ನನಗೆ ಒಂದು ಕ್ಷಣ ಭಯ ಆಯಿತು, ಕರೆದುಕೊಂಡು ಬಂದದ್ದೇ ತಪ್ಪಾಯಿತೇನೋ ಅಂತ. ಆದರೆ ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಕೋಣೆಯಲ್ಲಿ ಇರಲಿಲ್ಲ. ಗಾಬರಿಯಿಂದ ಹುಡುಕಿಕೊಂಡು ಹೋದರೆ ದಂಡೆಯ ಮೇಲೆ ಶಾಲು ಹೊದ್ದು ಕೂತಿದ್ದರು, ಬಟ್ಟೆ ಒಗೆಯಲು ಬಂದ ಒಬ್ಬ ಅಜ್ಜಿಯ ಹತ್ತಿರ ಯಾವ ತಿಂಗಳಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಕೇಳುತ್ತಿದ್ದರು. ಆ ಅಜ್ಜಿ ಕೈ ಮೇಲೆತ್ತಿ ಒಂದು ಮರ ತೋರಿಸಿದರು.

ತಾಳಗುಂದದ ಕಂಬದ ಹತ್ತಿರ ಅಪ್ಪ ಮಾತಾಡಿದ್ದು ನಿಲ್ಲಲೇ ಇಲ್ಲ, ಬೇರೆ ಕಡೆಯಿಂದ ಬಂದಿದ್ದ ಮೂವರು ಹುಡುಗರೂ ನಿಂತು ಕೇಳಿದರು. ಮಗಳಿಗೆ ಕೊನೆಗೌಡನೇ ಇಷ್ಟ ಆದದ್ದು, ಈಗಲೂ ಅದೇ ಮಾತು.

ಈಗ ಒಂದು ಪ್ರಶ್ನೆ. ಅಪ್ಪನಿಗೆ ಹೊಳೆ ತುಂಬಿದ್ದಾಗ ನೋಡಬೇಕಂತೆ. ಆಗಸ್ಟಿನಲ್ಲಿ ಬರಬಹುದಾ, ಅಥವಾ ಅದು ಅಪಾಯವಾ?

ತೋಟದ ದಾರಿ

ಬನ್ನಿ ಅಕ್ಕ, ಕರೆದುಕೊಂಡು ಬನ್ನಿ. ಜೋರು ಮಳೆ ಹಿಡಿದ ವರ್ಷ ವರದೆ ದಂಡೆ ಬಿಟ್ಟು ಕೆಳಗಿನ ಗದ್ದೆಗಳಿಗೆಲ್ಲ ನುಗ್ಗುತ್ತಾಳೆ, ಬಯಲಿಡೀ ಕೆಂಪು ನೀರು, ನಾಟಿ ಮಾಡಿದವರಿಗೆ ಅದು ಕಷ್ಟದ ಕಾಲ, ಆದರೆ ಅಪ್ಪನಿಗೆ ಅವರು ಅಂದುಕೊಂಡ ಹೊಳೆಯೇ ಕಾಣುತ್ತದೆ. ನೀರಿನ ಹತ್ತಿರ ಇಳಿಯಬೇಡಿ, ದಂಡೆ ಕುಸಿಯುತ್ತದೆ, ಎತ್ತರದ ರಸ್ತೆಯಿಂದಲೇ ನೋಡಿ. ಹೊರಡುವ ಹಿಂದಿನ ದಿನ ಉಳಿಯುವ ಮನೆಗೆ ಫೋನ್ ಮಾಡಿ ದಾರಿ ಬಂದ್ ಆಗಿದೆಯಾ ಅಂತ ಕೇಳಿ. ಕರೆಂಟು ಎರಡು ಮೂರು ದಿನ ಇಲ್ಲದಿರುವುದೂ ಉಂಟು, ಅಪ್ಪನ ಮಾತ್ರೆ ಜಾಸ್ತಿ ಇಟ್ಟುಕೊಳ್ಳಿ, ಟಾರ್ಚ್ ಬೇಕು. ಆ ಕಾಲಕ್ಕೆ ಉಣುಗಿನ ಕಾಟ ಕಡಿಮೆ, ಬದಲಿಗೆ ಉಂಬಳ, ಅಂದರೆ ಜಿಗಣೆ, ಇರುತ್ತವೆ, ಸುಣ್ಣ ಹಚ್ಚಿದರೆ ಬಿಡುತ್ತವೆ. ಕೋಲಿನ ತುದಿಗೆ ಹೊಸ ರಬ್ಬರ್ ಹಾಕಿಸಿ, ಅಂಗಳದಲ್ಲಿ ಪಾಚಿ ಜಾರುತ್ತದೆ. ಕಂಬಳಿ ತರುವುದು ಬೇಡ, ನಮ್ಮಲ್ಲಿ ಇದೆ.